ಹಾಲಿನ ಕ್ರೇಟಿನಲ್ಲಿ ಕಂಪ್ಯೂಟರ್

ನನ್ನಲ್ಲೊಂದು ಕೆಟ್ಟ ಗುಣವಿದೆ. ಯಾರಾದರೂ "ಇದು ಆಗೋ ಕೆಲಸ ಅಲ್ಲ" ಎಂದುಬಿಟ್ಟರೆ, ಅಲ್ಲಿಯವರೆಗೆ ನನಗೆ ಬೇಕಾಗಿಯೇ ಇಲ್ಲದ ಆ ಕೆಲಸ ಆ ಗಳಿಗೆಯಿಂದ ಬೇಕೇಬೇಕು ಅನ್ನಿಸಲು ಶುರುವಾಗುತ್ತದೆ. ಹೀಗೆ ಹಟಕ್ಕೆ ಬಿದ್ದು ಒಮ್ಮೆ ತಾರಸಿಯ ಮೇಲಿನ ನೀರಿನ ಟ್ಯಾಂಕಿಗೆ ಒಬ್ಬಳೇ ಇಳಿದು ತೊಳೆದೆ. ತೊಳೆದದ್ದೇನೋ ಚೆನ್ನಾಗಿಯೇ ತೊಳೆದೆ, ಹತ್ತಿ ಬರುವುದು ಹೇಗೆಂದು ಯೋಚಿಸಿರಲಿಲ್ಲ. ಪಕ್ಕದ ಮನೆಯವರು ಬಟ್ಟೆ ಒಣಹಾಕಲು ಬರುವವರೆಗೆ ಅದರೊಳಗೇ ಕೂತು "ಯಾರಾದ್ರೂ ಇದೀರಾ" ಎಂದು ಕೂಗುತ್ತಿದ್ದೆ. ಇನ್ನೊಮ್ಮೆ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯವನು "ಈ ಬಣ್ಣಕ್ಕೆ ಬ್ಲೌಸ್ ಪೀಸು ಇಡೀ ಬೆಂಗಳೂರಲ್ಲಿ ಸಿಗಲ್ಲ ಮೇಡಂ" ಎಂದದ್ದೇ ತಡ, ಸೀರೆಯ ಸೆರಗು ಕೈಯಲ್ಲಿ ಹಿಡಿದು ಶಿವಾಜಿನಗರದ ಗಲ್ಲಿ ಗಲ್ಲಿ ಸುತ್ತಿ, ಹುಡುಕಿ ತಂದು, ಅವನ ಮೂಗಿನ ಮುಂದೆ ಹಿಡಿದು ತೋರಿಸಿ ಬಂದೆ. ಆ ಸೀರೆ ನನ್ನದಲ್ಲ, ನನ್ನ ನಾದಿನಿಯದು. ಅವಳಿಗೆ ಆ ಬಣ್ಣವೇ ಇಷ್ಟವಿರಲಿಲ್ಲ. ಇದನ್ನೆಲ್ಲ ಮೊದಲೇ ಏಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮೇಜಿನ ಮೇಲಿನ ಕಂಪ್ಯೂಟರನ್ನು ಹೊತ್ತುಕೊಂಡು ಊರು ಸುತ್ತಿದ ಸಂಗತಿ ಬರುತ್ತದೆ. ಆಗ ನೀವು "ಈ ಹೆಂಗಸಿಗೆ ತಲೆ ನೆಟ್ಟಗಿದೆಯಾ" ಎಂದು ಕೇಳಬಾರದು. ನೆಟ್ಟಗಿಲ್ಲ ಎಂದು ಈಗಲೇ ಒಪ್ಪಿಕೊಂಡುಬಿಟ್ಟಿದ್ದೇನೆ.

ರಾಮಮೂರ್ತಿ ನಗರದಲ್ಲಿ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ ಒಂದು ಪುಟ್ಟ ಅಂಗಡಿಯಿದೆ. ಎದ್ದು ನಿಂತರೆ ತಲೆ ಮೆಟ್ಟಿಲಿಗೆ ಬಡಿಯುತ್ತದಾದ್ದರಿಂದ ಕೂತೇ ಇರುತ್ತೇನೆ. ಅಲ್ಲಿ ಕೂತು ಮದುವೆ, ಗೃಹಪ್ರವೇಶ, ನಾಮಕರಣ, ತಿಥಿ, ಒಟ್ಟಿನಲ್ಲಿ ಮನುಷ್ಯ ತನ್ನ ನೆಂಟರನ್ನು ಊಟಕ್ಕೆ ಕರೆಯುವ ಎಲ್ಲ ಸಂದರ್ಭಗಳ ಪತ್ರಿಕೆಗಳನ್ನೂ ಟೈಪು ಮಾಡಿ, ಮೇಲೆ ಗಣಪತಿಯನ್ನು ಕೂರಿಸಿ, ಸುತ್ತ ಬಳ್ಳಿ ಹಬ್ಬಿಸಿ ಕೊಡುತ್ತೇನೆ. ಮದುವೆಗೆ ಮುಂಚೆ ಹಲಸೂರಿನ ತವರುಮನೆಯಿಂದ ಶಿವಾಜಿನಗರದ ಒಂದು ಪ್ರೆಸ್ಸಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಈ ವಿದ್ಯೆ ಕಲಿತದ್ದು ಅಲ್ಲೇ. ಆ ಪ್ರೆಸ್ಸಿನ ಸಾಹೇಬರೇ ಇವತ್ತಿಗೂ ನನ್ನ ಪತ್ರಿಕೆಗಳನ್ನು ಅಚ್ಚು ಹಾಕಿಕೊಡುವುದು.

ಇನ್ನು ನನ್ನ ಕಂಪ್ಯೂಟರು. ಅದಕ್ಕೆ ವಯಸ್ಸಾಗಿದೆ. ಆನ್ ಮಾಡಿ, ಒಳಗೆ ಹೋಗಿ ಹಾಲು ಕಾಯಲಿಟ್ಟರೆ, ಹಾಲು ಉಕ್ಕುವ ಹೊತ್ತಿಗೆ ಅದಕ್ಕೂ ಎಚ್ಚರವಾಗಿರುತ್ತದೆ. ಒಂದು ಸಲ ಆಯುಧಪೂಜೆಯಲ್ಲಿ ನಮ್ಮತ್ತೆ ಭಕ್ತಿ ಹೆಚ್ಚಾಗಿ ಕುಂಕುಮವನ್ನು ಎರಚಿಯೇಬಿಟ್ಟರು. ಅದು ಫ್ಯಾನಿನೊಳಗೆ ಸೇರಿ, ದೀಪಾವಳಿ ಕಳೆದರೂ ಯಂತ್ರ ಆಗಾಗ ಕೆಂಪಗೆ ಸೀನುತ್ತಿತ್ತು. ಆದರೂ ಅದನ್ನು ಬಿಡುವಂತಿಲ್ಲ. ನನ್ನ ಕನ್ನಡ ಅಕ್ಷರಗಳ ಹಳೆಯ ತಂತ್ರಾಂಶ ನಡೆಯುವುದು ಅದೊಂದರಲ್ಲೇ. ಅದರ ಹಿಂಭಾಗಕ್ಕೆ ಬೆರಳುದ್ದದ ಒಂದು ಬೀಗದಂಥದ್ದನ್ನು ಚುಚ್ಚಿದರೆ ಮಾತ್ರ ಅಕ್ಷರ ಮೂಡುತ್ತದೆ. ನಾದಿನಿಯ ಹೊಸ ಲ್ಯಾಪ್‌ಟಾಪಿಗೆ ಒಮ್ಮೆ ಚುಚ್ಚಿ ನೋಡಿದ್ದೆ. 'ಶುಭವಿವಾಹ' ಎಂದು ಹೊಡೆದರೆ ಪರದೆಯ ಮೇಲೆ ಬಚ್ಚಲುಮನೆಯ ಟೈಲ್ಸಿನಂತೆ ಬರೀ ಚೌಕಗಳು ಬಂದವು. ಆದ್ದರಿಂದ "ಒಂದು ಲ್ಯಾಪ್‌ಟಾಪ್ ತಗೋಬಾರ್ದಾ" ಎಂಬ ಬುದ್ಧಿವಾದವನ್ನು ದಯವಿಟ್ಟು ನೀವೂ ಹೇಳಬೇಡಿ. ಹೇಳುವವರು ಆಗಲೇ ಬೇಕಾದಷ್ಟು ಜನ ಇದ್ದಾರೆ.

ಈಗ ತೊಂದರೆಗೆ ಬರುತ್ತೇನೆ. ಮದುವೆ ಪತ್ರಿಕೆ ಓದುವವರಿಗೆ ಬೇಕಾದದ್ದು ಯಾರ ಮದುವೆ, ಯಾವತ್ತು, ಊಟ ಎಲ್ಲಿ, ಇಷ್ಟೇ. ಮಾಡಿಸುವವರಿಗೆ ಮುಖ್ಯವಾದದ್ದು ಇದೊಂದೂ ಅಲ್ಲ. ಕೆಳಗೆ ಸಣ್ಣಕ್ಷರದಲ್ಲಿ 'ಸುಖಾಗಮನ ಬಯಸುವವರು' ಎಂದು ಬರುತ್ತದಲ್ಲ, ಆ ಜಾಗ. ಅಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರ ಪಕ್ಕದಲ್ಲಿ ಯಾರು ಎಂಬುದರಲ್ಲಿ ಒಂದು ಎಳೆ ಹೆಚ್ಚುಕಮ್ಮಿಯಾದರೂ ಮದುವೆಮನೆ ಎರಡಾಗುತ್ತದೆ. ಸಾರಿಗೆ ಉಪ್ಪು ಹಾಕುವುದು ಮರೆತಿದ್ದರೆ ನೆಂಟರು ಕ್ಷಮಿಸಿಯಾರು, ಇದನ್ನು ಮಾತ್ರ ಮೊಮ್ಮಕ್ಕಳ ಮದುವೆಯವರೆಗೂ ನೆನಪಿಟ್ಟುಕೊಂಡು ಆಡುತ್ತಾರೆ.

ಬಸವರಾಜಪ್ಪ ಎಂಬುವರು ಯಾದಗಿರಿ ಕಡೆಯಿಂದ ಬಂದು ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಸೆಕ್ಯೂರಿಟಿ ಕೆಲಸ ಮಾಡುವವರು. ಅವರ ಮಗಳು ಅಶ್ವಿನಿ ಅಲ್ಲೇ ಹತ್ತಿರದ ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಾಳೆ. ಅವಳ ಮದುವೆ ಪತ್ರಿಕೆ ನನ್ನ ಪಾಲಿಗೆ ಬಂತು. ಹುಡುಗ ಕೆ.ಆರ್. ಪುರದವನು, ಅವನ ಕಡೆಯವರು ಒಂದೇ ಮಾತಿಗೆ ಎಲ್ಲ ಒಪ್ಪಿದರು. ಎಡವಟ್ಟಾದದ್ದು ಹುಡುಗಿಯ ಕಡೆಯಲ್ಲಿ. ಬಸವರಾಜಪ್ಪನವರ ಅಣ್ಣ ಸಿದ್ದಪ್ಪ ಒಂದು ಮಂಗಳವಾರ ನನ್ನ ಅಂಗಡಿಗೆ ಬಂದು, "ನಾ ಮನಿಗೆ ಹಿರಿಯಾ ಇದೀನ್ರಿ ಅಕ್ಕಾರ. ನನ್ನ ಹೆಸರು ಮ್ಯಾಲ ಬರಬೇಕು" ಎಂದು ಮೇಲೆ ಹಾಕಿಸಿಕೊಂಡು ಹೋದರು. ಮರುದಿನವೇ ಹುಡುಗಿಯ ಸೋದರಮಾವ ಹಣಮಂತ ಬಂದ. "ಸಂಬಂಧ ಹುಡುಕಿದಾಂವ ನಾನು. ಸೋದರಮಾವ ಇಲ್ದೇ ಲಗ್ನ ಆಗ್ತದೇನ್ರಿ? ನಂದು ಮೊದಲ ಇರ್ಲಿ. ಹೆಸರಿನ ಮುಂದ ಗುತ್ತಿಗೆದಾರರು ಅಂತ ಹಾಕ್ರಿ" ಎಂದು ಹಾಕಿಸಿದ. ಆಮೇಲೆ ಇದೇ ಆಟ ನಡೆಯಿತು. ಒಬ್ಬರು ಬಂದು ಏರುವುದು, ಇನ್ನೊಬ್ಬರು ಬಂದು ಇಳಿಸುವುದು. ಮಧ್ಯದಲ್ಲಿ ನಾನು, ಮೆಟ್ಟಿಲ ಕೆಳಗೆ.

ವಾಟ್ಸಾಪಿನಲ್ಲಿ ಎಲ್ಲರಿಗೂ ಒಂದೇ ಪ್ರತಿ ಕಳಿಸಿ ಮುಗಿಸೋಣ ಎಂದು ನೋಡಿದೆ. ಅದರಿಂದ ಇನ್ನೊಂದು ರಾಮಾಯಣವಾಯಿತು. "ನನಗೊಂದು ಕಳಸ್ತಾರ, ಅವನಿಗೊಂದು ಕಳಸ್ತಾರ. ನನಗ ಹೆಂಗ ಗೊತ್ತಾಗ್ಬೇಕು?" ಎಂದು ಸಿದ್ದಪ್ಪನವರಿಗೆ ಅನುಮಾನ. ಕಾಗದದ ಮೇಲೆ ಅಚ್ಚು ತೆಗೆದು ಕಳಿಸಿದೆ. ವಾಪಸ್ಸು ಬಂದಾಗ ಅದರ ತುಂಬ ಬಾಣದ ಗುರುತುಗಳು. ಎಲ್ಲರ ಹೆಸರಿನಿಂದಲೂ ಬಾಣ ಹೊರಟು ಎಲ್ಲವೂ ಮೇಲಿನ ಗಣಪತಿಯ ಹತ್ತಿರವೇ ಹೋಗಿದ್ದವು. ಕೊನೆಗೆ ಇಬ್ಬರೂ ಒಪ್ಪಿದ ಒಂದೇ ಒಂದು ಮಾತೆಂದರೆ, "ಎಲ್ಲಾರೂ ಒಂದೇ ಕಡೆ ಕೂತಾಗ, ಕಣ್ಣಮುಂದ ಬರೀಬೇಕು" ಎನ್ನುವುದು. ನನ್ನ ಅಂಗಡಿಯಲ್ಲಿ ನಾನು ಕೂತ ಮೇಲೆ ಇನ್ನೊಬ್ಬರ ಮೊಣಕಾಲಿಗಷ್ಟೇ ಜಾಗ. ಅವರೆಲ್ಲರೂ ಒಟ್ಟಿಗೆ ಬಿಡುವಾಗಿರುವುದು ಭಾನುವಾರ ಮಧ್ಯಾಹ್ನ, ದೊಡ್ಡನೆಕ್ಕುಂದಿಯ ಅವರ ಮನೆಯಲ್ಲಿ.

ಹಾಳಾಗಿ ಹೋಗಲಿ, ಇವರೇ ಹೊಡೆದಾಡಿಕೊಳ್ಳಲಿ ಎಂದು ನಾನು ಕೈಬಿಡುವವಳೇ ಇದ್ದೆ. ಶನಿವಾರ ಬೆಳಿಗ್ಗೆ ಅಶ್ವಿನಿಯ ಫೋನ್ ಬಂತು. "ಅಕ್ಕಾ, ಸೋಮವಾರ ರಾತ್ರಿ ಅಪ್ಪಂಗ ಟ್ರೇನ್ ಅದ. ಮನಿದೇವ್ರ ಮುಂದ ಮೊದಲ್ನೇ ಪತ್ರಿಕಿ ಇಡದೇ ಊರಾಗ ಯಾರನ್ನೂ ಕರಿಯಂಗಿಲ್ಲ. ಅಪ್ಪಂಗ ರಜಾ ಮತ್ತ ಸಿಗಂಗಿಲ್ಲಕ್ಕಾ. ನಮ್ಮೂರ ಮಂದಿ ಒಬ್ರೂ ಇಲ್ದೇ ನನ್ನ ಲಗ್ನ ಆಗ್ತದೇನು?" ಎಂದವಳು ಅಳತೊಡಗಿದಳು. ಪ್ರೆಸ್ಸಿನ ಸಾಹೇಬರಿಗೆ ಫೋನ್ ಮಾಡಿದೆ. ಅವರಿಗೆ ಶುಕ್ರವಾರ ರಜೆ, ಭಾನುವಾರ ಕೆಲಸ. "ಸಂಡೇ ಶಾಮ್‌ಕೋ ಫೈಲ್ ತಂದ್ಕೊಡು ಬೇಟಾ, ಮಂಡೇ ಬೆಳಿಗ್ಗೆ ಕಾರ್ಡ್ ನಿಂದು. ಲೇಟಾದ್ರೆ ಮಷೀನ್ ಖಾಲಿ ಇಲ್ಲ, ಆಮೇಲೆ ನನ್ನನ್ನ ಕೇಳ್ಬೇಡ" ಎಂದರು. ಅಂದರೆ ಭಾನುವಾರ ಸಂಜೆಯೊಳಗೆ ಆ ಮನೆಯವರೆಲ್ಲರ ಕಣ್ಣಮುಂದೆ ಪತ್ರಿಕೆ ಮುಗಿಯಬೇಕು. ಅವರು ಇಲ್ಲಿಗೆ ಬರುವುದಿಲ್ಲ ಎಂದಮೇಲೆ ಕಂಪ್ಯೂಟರೇ ಅಲ್ಲಿಗೆ ಹೋಗಬೇಕು.

ಇದನ್ನು ನಮ್ಮ ಯಜಮಾನರಿಗೆ ಹೇಳಿದೆ. ಅವರು ಪೇಪರಿನಿಂದ ಕಣ್ಣು ತೆಗೆಯದೆ, "ಡೆಸ್ಕ್‌ಟಾಪ್ ಅಂದ್ರೇನು ಶಶಿ? ಟೇಬಲ್ ಮೇಲೆ ಇರೋದು. ಅದನ್ನ ಹೊತ್ಕೊಂಡು ತಿರುಗೋಕಾಗಲ್ಲ. ಆಗೋ ಮಾತಾಡು" ಎಂದರು.

ಸರಿ, ಇನ್ನೇನು ಬೇಕಿತ್ತು?

ಹುರುಳೀಕಾಯಿ ಬಿಡಿಸುತ್ತಾ ಕೂತವಳು ಮನಸ್ಸಿನಲ್ಲೇ ಕಂಪ್ಯೂಟರನ್ನು ಬಿಚ್ಚಿ ಜೋಡಿಸತೊಡಗಿದೆ. ಮೊದಲು ಬಂದ ಯೋಚನೆ, ಎಲ್ಲವನ್ನೂ ಮೈಗೇ ಕಟ್ಟಿಕೊಳ್ಳುವುದು. ಬೆನ್ನಿಗೆ ಸ್ಕೂಲ್ ಬ್ಯಾಗಿನಲ್ಲಿ ಸಿಪಿಯು, ಎದೆಯ ಮೇಲೆ ಮಾನಿಟರ್, ಸೊಂಟದ ಹತ್ತಿರ ಕೀಬೋರ್ಡು. ಗಿರಾಕಿಗಳು ನನ್ನ ಎದುರಿಗೆ ನಿಂತು ಓದಿಕೊಂಡರಾಯಿತು. ಹೇಗಿರುತ್ತದೋ ನೋಡೋಣವೆಂದು ಮಾನಿಟರನ್ನು ದುಪಟ್ಟಾದಲ್ಲಿ ಕುತ್ತಿಗೆಗೆ ಕಟ್ಟಿಕೊಂಡು ಕನ್ನಡಿಯ ಮುಂದೆ ನಿಂತೆ. ಒಳಗೆ ಬಂದ ನಮ್ಮತ್ತೆ ಒಂದು ಕ್ಷಣ ನೋಡಿ, "ಯಾವ ದೇವರಿಗೆ ಹರಕೆ ಹೊತ್ಕೊಂಡಿದ್ದೀಯಮ್ಮ?" ಎಂದು ಕೇಳಿದರು. ಮುಖ್ಯವಾದ ತೊಂದರೆ ಅದಲ್ಲ. ಪರದೆ ಗಿರಾಕಿಯ ಕಡೆಗಿದ್ದರೆ ಟೈಪು ಮಾಡುವ ನನಗೆ ಏನೂ ಕಾಣುವುದಿಲ್ಲ. ಆಮೇಲೆ ಬೀದಿಯ ಇಸ್ತ್ರಿ ಗಾಡಿ ಕಣ್ಣಿಗೆ ಬಿತ್ತು. ನಾಲ್ಕು ಚಕ್ರ, ಮೇಲೊಂದು ತಗಡಿನ ಸೂರು, ಅಗಲವಾದ ಹಲಗೆ. ಕಂಪ್ಯೂಟರಿಗೆಂದೇ ಮಾಡಿದಂತಿತ್ತು. ತಳ್ಳಿಕೊಂಡು, "ಪತ್ರಿಕೇಏಏ, ಮದುವೆ ಪತ್ರಿಕೇಏಏ, ನಾಮಕರಣಾಆಆ" ಎಂದು ಕೂಗುತ್ತಾ ಬೀದಿ ಬೀದಿ ಹೋಗುವ ನನ್ನನ್ನು ನಾನೇ ಕಂಡೆ. ಹೆಂಗಸರು ಬಾಗಿಲಿಗೆ ಬಂದು, ಸೊಪ್ಪು ಆರಿಸಿದಂತೆ ಗಣಪತಿಗಳನ್ನು ಆರಿಸುತ್ತಿದ್ದರು, "ಈ ಗಣಪತಿ ಹೊಟ್ಟೆ ದಪ್ಪ ಆಯ್ತು, ಬೇರೆ ಕೊಡಿ" ಎನ್ನುತ್ತಿದ್ದರು. ಬಹಳ ಚೆನ್ನಾಗಿತ್ತು. ಟಿನ್ ಫ್ಯಾಕ್ಟರಿ ಹತ್ತಿರ ಆ ಗಾಡಿಯನ್ನು ನುಗ್ಗಿಸುವುದು ಹೇಗೆಂದು ಯೋಚಿಸಿದಾಗ ಮಾತ್ರ ಕನಸು ನಿಂತಿತು.

ಇನ್ನೊಂದು ನಿಜವಾದ ಬುದ್ಧಿವಂತಿಕೆ ಹೊಳೆಯಿತು. ಮಾನಿಟರೇ ಬೇಡ, ಬರೀ ಸಿಪಿಯು ಒಯ್ದು ಅವರ ಟಿವಿಗೆ ಸಿಕ್ಕಿಸಿದರೆ? ಅಶ್ವಿನಿಗೆ ಫೋನ್ ಮಾಡಿ, "ಟಿವಿ ಹಿಂದೆ ಎಂಥೆಂಥ ತೂತಿದೆ, ಒಂದು ಫೋಟೋ ತೆಗೆದು ಕಳ್ಸಮ್ಮ" ಎಂದೆ. ಟಿವಿಯನ್ನು ಗೋಡೆಗೆ ಒತ್ತಿ ಮೊಳೆ ಹೊಡೆದಿದ್ದರು. ಆ ಹುಡುಗಿ ಸಂದಿಯಲ್ಲಿ ಕೈ ತೂರಿಸಿ ತೆಗೆದ ಫೋಟೋ ಬಂತು. ಅದರಲ್ಲಿ ತೂತು ಕಾಣಲಿಲ್ಲ, ಒಂದು ಹಲ್ಲಿ ಕಂಡಿತು. ಹಲ್ಲಿಯ ಮುಖದಲ್ಲೂ ನಿನ್ನ ಕೈಲಾಗದು ಎಂಬ ಭಾವವೇ ಇತ್ತು. ಆಗ ನಾನು ತೀರ್ಮಾನಿಸಿದೆ, ಇಡೀ ಯಂತ್ರವೇ ಹೋಗಬೇಕು, ಮೌಸಿನ ಕೆಳಗಿನ ಪ್ಯಾಡು ಸಮೇತ.

ದಾರಿ ತೋರಿಸಿದ್ದು ಹಾಲಿನ ಬೂತು. ಸಂಜೆ ಹಾಲು ತರಲು ಹೋದವಳು ನೀಲಿ ಪ್ಲಾಸ್ಟಿಕ್ ಕ್ರೇಟುಗಳ ಮುಂದೆ ನಿಂತುಬಿಟ್ಟೆ. ಅವು ದಿನಾ ಬೆಳಗಿನ ಜಾವ ಟೆಂಪೋದಿಂದ ದಬದಬ ಬೀಳುತ್ತವೆ, ಒಂದು ಪ್ಯಾಕೆಟ್ಟೂ ಒಡೆಯುವುದಿಲ್ಲ. ಹಾಲನ್ನು ಕಾಪಾಡುವ ಕ್ರೇಟು ನನ್ನ ಕಂಪ್ಯೂಟರನ್ನು ಕಾಪಾಡದೆ? ಅಂಚು ಮುರಿದ ಒಂದನ್ನು ಕೇಳಿ ತಂದೆ. ಸಿಪಿಯು ಮಲಗಿಸಿದರೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು! ಕೆಳಗೆ ಹಳೆಯ ರಜಾಯಿ, ಅಕ್ಕಪಕ್ಕ ದಿಂಬಿನ ಹತ್ತಿ, ಮೇಲೆ ಹಗ್ಗ. ಮಾನಿಟರಿಗೆ ಕಂಬಳಿ ಸುತ್ತಿದೆ. ಯಾವ ವೈರು ಎಲ್ಲಿಗೆ ಎಂಬುದು ಮರೆಯದಿರಲೆಂದು ಬ್ಲೌಸಿನ ಕತ್ತರಿಕೆ ಚೂರುಗಳನ್ನು ಜೋಡಿ ಜೋಡಿಯಾಗಿ ಕಟ್ಟಿದೆ, ಹಸಿರು ತೂತಿಗೆ ಹಸಿರು ವೈರು, ಹೂವಿನದಕ್ಕೆ ಹೂವಿನದು. ಕರೆಂಟು ಹೋದರೆ ಇರಲೆಂದು ಯುಪಿಎಸ್ ಕೂಡ ಬೇಕೇ ಬೇಕು, ಅದರ ಭಾರ ಒಂದು ರುಬ್ಬುಗುಂಡಿನಷ್ಟು. ಎಲ್ಲ ಕಟ್ಟಿದ ಮೇಲೆ ಅಡುಗೆಮನೆಯಿಂದ ನಡುಮನೆಯವರೆಗೆ ಹೊತ್ತು ನಡೆದು ತೋರಿಸಿ, "ನೋಡ್ರೀ, ಪೋರ್ಟಬಲ್" ಎಂದೆ. ಯಜಮಾನರು, "ಆಟೋ ಮಾಡ್ಕೊಂಡು ಹೋಗಬಾರ್ದಾ?" ಎಂದರು. ಆಟೋದಲ್ಲಿ ಹೋದರೆ ಬೀರುವೂ ಪೋರ್ಟಬಲ್ಲೇ, ಅದರಲ್ಲಿ ನನ್ನ ಸಾಧನೆಯೇನು ಬಂತು? ಅಲ್ಲದೆ ಆಟೋ ಕರೆದೂ ನೋಡಿದ್ದಾಯಿತು. ಕೆ.ಆರ್. ಪುರದ ಸೇತುವೆ ದಾಟಬೇಕು ಎಂದು ಗೊತ್ತಾದದ್ದೇ, ಒಬ್ಬರಾದಮೇಲೆ ಒಬ್ಬರು ಕ್ಯಾನ್ಸಲ್ ಮಾಡಿದರು. ಕೊನೆಗೆ ನಮ್ಮವರೇ ಗೊಣಗುತ್ತಾ ಸ್ಕೂಟರ್ ಹೊರಗೆ ತೆಗೆದರು.

ಭಾನುವಾರ ಊಟ ಮಾಡಿ ಹೊರಟೆವು. ಸ್ಕೂಟರಿನ ಮುಂದೆ ಯಜಮಾನರ ಕಾಲುಗಳ ನಡುವೆ ಯುಪಿಎಸ್. ಅದರ ಮೇಲೆ ಕ್ರೇಟು. ಕ್ರೇಟಿನ ಮೇಲೆ ಅವರ ಗದ್ದ. ಹಿಂದೆ ನಾನು, ನನ್ನ ಮಡಿಲಲ್ಲಿ ಕಂಬಳಿ ಹೊದ್ದ ಮಾನಿಟರು, ಹೆಗಲಿಗೆ ತರಕಾರಿ ಚೀಲದಲ್ಲಿ ಕೀಬೋರ್ಡು. ರಿಂಗ್ ರೋಡಿಗೆ ಬರುವ ಹೊತ್ತಿಗೆ ಎಲ್ಲಿಂದಲೋ ಕುಯ್ಯ್ ಕುಯ್ಯ್ ಎಂಬ ಸದ್ದು ಶುರುವಾಯಿತು. ನೋಡಿದರೆ ನಮ್ಮದೇ ಯುಪಿಎಸ್. ಅದರ ಗುಂಡಿ ಆರಿಸುವುದನ್ನೇ ಮರೆತಿದ್ದೆ. ಗೋಡೆಯ ಕರೆಂಟು ಸಿಗದೆ ಅದು ಬಾಯಿ ಬಡಿದುಕೊಳ್ಳುತ್ತಿತ್ತು. ಹಿಂದಕ್ಕೆ ಬರುವ ಲಾರಿಗಳ ಸದ್ದೂ ಹಾಗೇ ಇರುತ್ತದಲ್ಲ, ನಮ್ಮ ಸ್ಕೂಟರು ಮುಂದಕ್ಕೆ ಹೋಗುತ್ತಿದ್ದರೂ ಹಿಂದಿನವರೆಲ್ಲ ಹೆದರಿ ದೂರ ಸರಿದರು. ಟಿನ್ ಫ್ಯಾಕ್ಟರಿಯ ಹತ್ತಿರ ನಮಗೆ ಸಿಕ್ಕಿದಷ್ಟು ಜಾಗ ಯಾವ ಮಂತ್ರಿಗೂ ಸಿಕ್ಕಿರಲಾರದು. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನು ಬಗ್ಗಿ ನೋಡಿ, "ಏನ್ ಗುರು, ಮನೆ ಖಾಲಿ ಮಾಡ್ತಿದ್ದೀರಾ?" ಎಂದು ಕೇಳಿದ. ಯಜಮಾನರು ಸೋತ ಮುಖದಲ್ಲಿ, "ಇಲ್ಲ ಮಗಾ, ಪೋರ್ಟಬಲ್ ಕಂಪ್ಯೂಟರ್" ಎಂದರು. ಟ್ರಾಫಿಕ್ ಪೊಲೀಸರೊಬ್ಬರು ಹತ್ತಿರ ಬಂದು ನನ್ನ ಮಡಿಲಿನ ಕಂಬಳಿಯನ್ನು ನೋಡಿ, "ಮಗೂಗೆ ಮುಖ ಪೂರ್ತಿ ಮುಚ್ಚಬೇಡಮ್ಮ, ಉಸಿರು ಕಟ್ಟುತ್ತೆ" ಎಂದು ಗದರಿ ಹೋದರು. ನಾನು ಒಂದು ಮೂಲೆ ಸರಿಸಿದೆ.

ಬಸವರಾಜಪ್ಪನವರದು ಎರಡನೇ ಮಹಡಿಯ ಎರಡು ಕೋಣೆಯ ಮನೆ. ಟ್ರಂಕಿನ ಮೇಲೆ ಕಂಪ್ಯೂಟರ್ ಜೋಡಿಸಿದೆ. ಹಸಿರು ಚೂರು ಹಸಿರಿಗೆ, ಹೂವಿನ ಚೂರು ಹೂವಿಗೆ. ಟಿವಿಯ ಪ್ಲಗ್ ಕಿತ್ತು ನಮ್ಮದು ಹಾಕಿ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಅಶ್ವಿನಿ ಬಾಗಿಲಿಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು. ಕ್ರೇಟಿನಲ್ಲಿ ಉಳಿದಿದ್ದ ಹತ್ತಿಯನ್ನು ತೆಗೆದು, ದೇವರ ಹೆಸರು ಹೇಳಿ ಸಿಪಿಯುವಿನ ಬೆನ್ನಿಗೆ ಎರಡು ಗುದ್ದು ಕೊಟ್ಟೆ. ಗೊರ್ರೆಂದು ಎದ್ದಿತು! "ಬಂತ್ರೀ, ಬಂತು!" ಎಂದು ಇಡೀ ಮನೆ ಚಪ್ಪಾಳೆ ತಟ್ಟಿತು. ನಾನು ಯಜಮಾನರ ಕಡೆ ನೋಡಿದೆ. ಅವರಿಗೆ ಅಷ್ಟರಲ್ಲಿ ಸುಸಲಾ, ಎಂದರೆ ಮಂಡಕ್ಕಿ ಒಗ್ಗರಣೆ, ಕೊಟ್ಟಿದ್ದರು. ಅವರು ಅದರಲ್ಲಿ ಮುಳುಗಿದ್ದರು.

ಎರಡು ಸಾಲು ಮಾಡಿದೆ. ಎಡಗಡೆ ಸಾಲಿನ ತಲೆಯಲ್ಲಿ ದೊಡ್ಡಪ್ಪ ಸಿದ್ದಪ್ಪ, ಬಲಗಡೆ ಸಾಲಿನ ತಲೆಯಲ್ಲಿ ಸೋದರಮಾವ ಹಣಮಂತ. ಇಬ್ಬರೂ ಮೇಲೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. "ಓದೂದು ಯಾವ ಕಡಿಂದ್ರಿ? ಎಡಕಿನಿಂದ ಅಲ್ಲ? ಅಂದ್ರ ಅವನ ಹೆಸರೇ ಮೊದಲ ಬಂತು" ಎಂದ ಹಣಮಂತ. ಅವನ ಹೆಸರಿನ ಮುಂದೆ ಗುತ್ತಿಗೆದಾರರು ಎಂದಿರುವುದರಿಂದ ಅವನದೇ ಉದ್ದವಾಯಿತೆಂದು ಸಿದ್ದಪ್ಪ ಹೆಬ್ಬೆರಳಿನಿಂದ ಪರದೆಯ ಮೇಲೆ ಅಳತೆ ತೆಗೆದರು. ಹೀಗೇ ಗಂಟೆ ಕಳೆಯಿತು. ಬಿಸಿಲು ಇಳಿಯತೊಡಗಿತು. ಬಸವರಾಜಪ್ಪ ಅಣ್ಣನಿಗೂ ಹೇಳಲಾರರು, ಹೆಂಡತಿಯ ತಮ್ಮನಿಗೂ ಹೇಳಲಾರರು. ಶಿವಾಜಿನಗರದಿಂದ ಸಾಹೇಬರ ಫೋನು ಬರತೊಡಗಿತು. ಅಷ್ಟರಲ್ಲಿ ಫ್ಯಾನು ನಿಂತಿತು. ಕರೆಂಟು ಹೋಗಿತ್ತು, ಯುಪಿಎಸ್ ಕುಯ್ಯ್ ಎಂದಿತು.

"ಇದರ ಬ್ಯಾಟರಿ ಹಳೇದು. ದಾರಿಯಲ್ಲಿ ಬೇರೆ ಕೂಗಿ ಕೂಗಿ ಅರ್ಧ ಖಾಲಿಯಾಗಿದೆ. ಇನ್ನು ಸ್ವಲ್ಪ ಹೊತ್ತಿಗೆ ಎಲ್ಲಾ ಆರಿಹೋಗುತ್ತೆ, ಆಮೇಲೆ ಪತ್ರಿಕೆಯೂ ಇಲ್ಲ, ಏನೂ ಇಲ್ಲ" ಎಂದೆ. ಆ ಕುಯ್ಯ್ ಕುಯ್ಯ್ ಎಲ್ಲರ ಎದೆಗೂ ಬಡಿಯುತ್ತಿತ್ತು. "ದೊಡ್ಡಪ್ಪಾ, ಮಾಮಾ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು ಅಶ್ವಿನಿ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಎಡಕ ಇದ್ರ ಇರ್ಲಿ ಬಿಡ್ರಿ, ಹಿರಿಯಾರು" ಎಂದ ಹಣಮಂತ. "ಅವನ ಗುತ್ತಿಗಿನೂ ಇರ್ಲಿ" ಎಂದರು ಸಿದ್ದಪ್ಪ. ಇಷ್ಟು ದಿನ ಆಗದ್ದು ಯುಪಿಎಸ್ಸಿನ ಕೂಗಿಗೆ ಆಯಿತು. ನಾನು ಪೆನ್ ಡ್ರೈವ್ ಚುಚ್ಚಲು ಕೈ ಎತ್ತಿದೆ.

ಆಗ ಹುಡುಗಿಯ ತಾಯಿ ಶರಣಮ್ಮ ಚಹಾದ ತಟ್ಟೆ ಹಿಡಿದು ಬಂದರು. ಬಂದಾಗಿನಿಂದ ಒಲೆಯ ಮುಂದೆಯೇ ಇದ್ದವರು, ಪರದೆಯನ್ನು ನೋಡಿದ್ದು ಅದೇ ಮೊದಲು. ತಟ್ಟೆ ಕೆಳಗಿಟ್ಟು, ಕಣ್ಣು ಕಿರಿದು ಮಾಡಿ, ನಿಧಾನವಾಗಿ ಓದಿಕೊಂಡರು. "ಅಕ್ಕಾರ, ಇದ್ರಾಗ ನಂದು ಎಲ್ಲಿ ಅದರೀ?"

"ಇಲ್ಲಿ ಅದ ಅಲ್ಲ, ಶ್ರೀಮತಿ ಮತ್ತು ಶ್ರೀ ಬಸವರಾಜಪ್ಪ ಅಂತ. ಶ್ರೀಮತಿ ಅಂದ್ರ ನೀನೇ" ಎಂದರು ಬಸವರಾಜಪ್ಪ.

"ಶ್ರೀಮತಿ ಅಂದ್ರ ನೀಲಕ್ಕನೂ ಹೌದು, ರೇಣುಕಾನೂ ಹೌದು. ನನ್ನ ಹೆಸರು ಶರಣಮ್ಮ. ಹೆತ್ತಾಕಿ ನಾನು. ಊರ ಮಂದಿಗೆ ಹೆಂಗ ಗೊತ್ತಾಗ್ಬೇಕು?"

"ಎಲ್ಲಾ ಪತ್ರಿಕಿನಾಗೂ ಹಿಂಗೇ ಇರ್ತದ, ಇರ್ಲಿ ಬಿಡವ್ವಾ" ಎಂದರು ಸಿದ್ದಪ್ಪ. ಕುಯ್ಯ್ ಎಂದಿತು ಯುಪಿಎಸ್.

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. 'ಶ್ರೀಮತಿ ಮತ್ತು ಶ್ರೀ' ಎಂಬುದನ್ನು ನಾನು ಟೈಪು ಕೂಡ ಮಾಡುವುದಿಲ್ಲ. ಸಮಯ ಉಳಿಯಲೆಂದು ಒಂದೇ ಕೀ ಒತ್ತಿದರೆ ಬರುವಂತೆ ಮಾಡಿಟ್ಟುಕೊಂಡಿದ್ದೇನೆ. ಎಷ್ಟು ಮದುವೆಗಳಲ್ಲಿ ಎಷ್ಟು ತಾಯಂದಿರು ಆ ಕೀಯ ಕೆಳಗೆ ಹೋಗಿದ್ದಾರೋ! ನಾನು ಯಾರನ್ನೂ ಕೇಳಲಿಲ್ಲ. ಅದನ್ನು ಅಳಿಸಿ 'ಶ್ರೀಮತಿ ಶರಣಮ್ಮ ಮತ್ತು ಶ್ರೀ ಬಸವರಾಜಪ್ಪ' ಎಂದು ಹೊಡೆದೆ. ಅಷ್ಟರಲ್ಲಿ ಸಿದ್ದಪ್ಪನವರ ಹೆಂಡತಿ ನೀಲಮ್ಮ, ಹಣಮಂತನ ಹೆಂಡತಿ ರೇಣುಕಾ ಇಬ್ಬರೂ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಹೆಗಲ ಹಿಂದೆ ನಿಂತಿದ್ದರು. ಬಾಯಿಬಿಟ್ಟು ಕೇಳಲಿಲ್ಲ, ನಿಂತದ್ದೇ ಸಾಕಾಗಿತ್ತು. ಅವರ ಹೆಸರೂ ಹೊಡೆದೆ. ಜಾಗ ಸಾಲದೆ ಸಾಲು ತುಂಡಾಯಿತು. "ಆ ಗುತ್ತಿಗೆದಾರರು ತೆಗೀರಿ ಅಕ್ಕಾರ. ಈಗೆಲ್ಲಿ ಅದ ಗುತ್ತಿಗಿ?" ಎಂದಳು ರೇಣುಕಾ. ಹಣಮಂತ ಬಾಯಿ ತೆರೆದ, ಅವಳು ತಿರುಗಿ ನೋಡಿದಳು, ಮುಚ್ಚಿಕೊಂಡ. ತೆಗೆದೆ. ಎಲ್ಲರಿಗೂ ಜಾಗವಾಯಿತು. ಪೆನ್ ಡ್ರೈವಿಗೆ ಫೈಲು ಇಳಿಸಿ, ಕಿತ್ತು, ಅಶ್ವಿನಿಯ ಕೈಗೆ ಕೊಟ್ಟೆ. ಆ ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಕಣ್ಣಲ್ಲಿ ನೀರು ತುಳುಕುತ್ತಿತ್ತು.

ಶರಣಮ್ಮನವರಿಗೆ ಈಗ ಓದುವ ಹುರುಪು ಬಂದಿತ್ತು. ತಮ್ಮ ಹೆಸರನ್ನು ಇನ್ನೊಮ್ಮೆ ಓದಿ, ಬೆರಳಿಟ್ಟು ಸಾಲು ಸಾಲಾಗಿ ಇಳಿಯುತ್ತಾ ತೀರಾ ಕೊನೆಯ, ಇರುವೆ ಸಾಲಿನಂಥ ಸಣ್ಣಕ್ಷರಕ್ಕೆ ಬಂದರು. ನಾನು ಮಾಡುವ ಎಲ್ಲ ಪತ್ರಿಕೆಗಳ ಅಡಿಯಲ್ಲೂ ಅದು ಇರುತ್ತದೆ. "ವಿನ್ಯಾಸ, ರಘು ಗ್ರಾಫಿಕ್ಸ್" ಎಂದು ಓದಿದರು. "ರಘು ಅಂದ್ರ ಯಾರ್ರಿ ಅಕ್ಕಾರ?"

"ನಮ್ಮ ಯಜಮಾನ್ರು."

ಎಲ್ಲರೂ ಮೂಲೆಯತ್ತ ತಿರುಗಿದರು. ಯಜಮಾನರು ಎರಡನೇ ತಟ್ಟೆ ಸುಸಲಾದ ಮಧ್ಯದಲ್ಲಿದ್ದರು.

"ಅವರೂ ಕಂಪ್ಯೂಟರ್ ಮಾಡ್ತಾರೇನ್ರಿ?"

"ಇಲ್ಲ. ಸ್ಕೂಟರ್ ಓಡಿಸ್ತಾರೆ."

"ಮತ್ತ ನಿಮ್ಮ ಹೆಸರು?"

"ಎಲ್ಲಾ ಪತ್ರಿಕೆಯಲ್ಲೂ ಹೀಗೇ ಇರುತ್ತೆ, ಇರ್ಲಿ ಬಿಡಿ" ಎಂದೆ. ಎಂದಮೇಲೆ ಆ ಮಾತು ಎಲ್ಲೋ ಈಗತಾನೆ ಕೇಳಿದ ಹಾಗಿದೆಯಲ್ಲ ಅನ್ನಿಸಿತು. ಸಿದ್ದಪ್ಪನವರು ನನ್ನನ್ನು ಬಹಳ ಮರ್ಯಾದೆಯಿಂದ ನೋಡುತ್ತಿದ್ದರು. ಯಜಮಾನರು ಬಾಯ್ತುಂಬ ಮಂಡಕ್ಕಿ ಇಟ್ಟುಕೊಂಡು, "ಹಾಕ್ಕೊಳೇ, ನಾನೇನು ಬೇಡ ಅಂದ್ನಾ?" ಎಂದರು. ನನಗೆ ಎಲ್ಲಿತ್ತೋ ಸಿಟ್ಟು! ರಘುವನ್ನು ಅಳಿಸಿದೆ. ಶ ಹೊಡೆದೆ, ಶಿ ಹೊಡೆದೆ. ಯುಪಿಎಸ್ ಒಂದು ಉದ್ದನೆಯ ಕುಯ್ಯ್ ಎಂದು ಪ್ರಾಣ ಬಿಟ್ಟಿತು.

ಪೆನ್ ಡ್ರೈವನ್ನು ಆ ಸಂಜೆಯೇ ಸಾಹೇಬರಿಗೆ ತಲುಪಿಸಿದೆವು. ಪತ್ರಿಕೆಗಳು ಅದರಲ್ಲಿದ್ದಂತೆಯೇ, ಅಡಿಯಲ್ಲಿ ರಘು ಗ್ರಾಫಿಕ್ಸ್ ಸಮೇತ, ಅಚ್ಚಾದವು. ಬಸವರಾಜಪ್ಪ ಹೊತ್ತಿಗೆ ಸರಿಯಾಗಿ ಟ್ರೇನು ಹತ್ತಿದರು, ಮನೆದೇವರ ಮುಂದೆ ಮೊದಲ ಪತ್ರಿಕೆ ಇಟ್ಟರು, ಊರಿನವರು ತುಂಬಿಕೊಂಡು ಬಂದರು, ಅಶ್ವಿನಿಯ ಮದುವೆ ಚೆನ್ನಾಗಿ ಆಯಿತು. ನಾನು ಆ 'ಶ್ರೀಮತಿ ಮತ್ತು ಶ್ರೀ' ಕೀಯನ್ನು ತೆಗೆದುಹಾಕಿದ್ದೇನೆ. ಈಗ ಬಂದ ಗಂಡಸರನ್ನೆಲ್ಲ, "ನಿಮ್ಮ ಹೆಂಡತಿ ಹೆಸರೇನು?" ಎಂದು ಜೋರಾಗಿಯೇ ಕೇಳುತ್ತೇನೆ. ಅಂಗಡಿಗೆ ನನ್ನ ಹೆಸರಿನ ಹೊಸ ಬೋರ್ಡು ಮಾಡುವುದೆಂದೂ ತೀರ್ಮಾನವಾಗಿದೆ. ವಿನ್ಯಾಸ ನನ್ನದೇ. ಆದರೆ ಬರೀ ಶಶಿಕಲಾ ಎಂದಿರಲೋ, ಶ್ರೀಮತಿ ಸೇರಲೋ, ಅಕ್ಷರ ದಪ್ಪವಾಗಿರಲೋ, ದಪ್ಪವಾದರೆ ಜಂಬವಾಯಿತೋ, ರಘು ಕೆಳಗಡೆ ಸಣ್ಣದಾಗಿ ಇದ್ದರೆ ಚೆನ್ನವೋ, ಪೂರ್ತಿ ತೆಗೆದರೆ ನಮ್ಮತ್ತೆ ಏನೆನ್ನುತ್ತಾರೋ ಎಂದು ದಿನಕ್ಕೊಂದು ಪ್ರೂಫ್ ತೆಗೆಯುತ್ತೇನೆ, ದಿನವೂ ತಿದ್ದುತ್ತೇನೆ. ಇಷ್ಟು ವರ್ಷದ ಕಸುಬಿನಲ್ಲಿ ಇಂಥ ತಲೆತಿನ್ನುವ ಗಿರಾಕಿ ನನಗೆ ಇನ್ನೊಬ್ಬರು ಸಿಕ್ಕಿಲ್ಲ.